ಸುರಂಗದ ಆಚೆ ಬಿಸಿಲಿತ್ತು

ಜುಲೈನಲ್ಲಿ ಶ್ರೀಲಂಕಾಗೆ ಹೊರಟಿದ್ದು ಅಕ್ಕನಿಗೆ ಆಗ ಮಾತ್ರ ರಜೆ ಸಿಕ್ಕಿತ್ತು ಅಂತ. ಮೊದಲು ಹೋಗಿದ್ದು ದಕ್ಷಿಣದ ಮಿರಿಸ್ಸಾಗೆ. ಕಡಲ ದಡದಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ಮಳೆಗಾಲದ ಮಲ್ಪೆ ನೋಡಿದವರಿಗೆ ಆ ಸಮುದ್ರ ಹೇಗಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ತಿಮಿಂಗಿಲ ತೋರಿಸುವ ದೋಣಿಗಳು ಕಟ್ಟಿದ ಜಾಗದಲ್ಲೇ ಇದ್ದವು. "ಇಲ್ಲಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಬರಬೇಕು, ಈಗ ಪೂರ್ವಕ್ಕೆ ಹೋಗಿ" ಅಂದರು ರೂಮು ಕೊಟ್ಟವರು. ಆ ಮಾತು ಕೇಳಿದ್ದು ಒಳ್ಳೆಯದೇ ಆಯಿತು.

ಕ್ಯಾಂಡಿಯಿಂದ ರೈಲು ಹತ್ತಿದೆವು. ನಾನುಓಯಾ ಅನ್ನುವ ನಿಲ್ದಾಣ ಬರುವಷ್ಟರಲ್ಲಿ ಕಿಟಕಿಯಾಚೆ ಬರೀ ಮಂಜು, ಗಾಳಿ, ಓರೆ ಮಳೆ, ಚಹಾ ತೋಟದ ಹೆಂಗಸರು ತಲೆಗೆ ಪ್ಲಾಸ್ಟಿಕ್ ಹೊದ್ದು ಎಲೆ ಕೀಳುತ್ತಿದ್ದರು, ನಾವು ಇದ್ದಬದ್ದ ಸ್ವೆಟರ್ ಎಲ್ಲ ಹಾಕಿಕೊಂಡು ಕೂತಿದ್ದೆವು. ಆಮೇಲೆ ಪಟ್ಟಿಪೊಲ. 1,897 ಮೀಟರ್ ಎತ್ತರದಲ್ಲಿರುವ ಇದು ಅಲ್ಲಿನ ಅತಿ ಎತ್ತರದ ರೈಲು ನಿಲ್ದಾಣ. ಅದು ದಾಟಿದ ಮೇಲೆ ಒಂದು ಸುರಂಗ. ಒಳಗೆ ಹೋಗುವಾಗ ಮಳೆ, ಹೊರಗೆ ಬಂದಾಗ ಬಿಸಿಲು! ಒಣಗಿದ ಹುಲ್ಲು, ದೂರಕ್ಕೆ ನೀಲಿ ಬೆಟ್ಟಗಳು. ಬೋಗಿಯಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು. "ಸ್ವೆಟರ್ ತೆಗಿಯೋ" ಅಂದಳು ಅಕ್ಕ.

ನಮ್ಮ ಕರಾವಳಿಗೆ ಬರುವ ಮುಂಗಾರೇ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲ್, ಮಿರಿಸ್ಸಾ ಕಡೆ ಸುರಿಯುತ್ತದೆ. ನಡುವಿನ ಬೆಟ್ಟಗಳು ಅದನ್ನು ತಡೆಯುತ್ತವೆ. ಆಗುಂಬೆ ತೊಯ್ದು ತೊಪ್ಪೆಯಾಗಿರುವಾಗ ಕಡೂರಿನಲ್ಲಿ ಧೂಳು ಏಳುತ್ತದಲ್ವಾ, ಹಾಗೆ. ಪೂರ್ವಕ್ಕೆ ಜೋರು ಮಳೆ ಬರುವುದು ಬಂಗಾಳ ಕೊಲ್ಲಿ ಕಡೆಯಿಂದ, ನವೆಂಬರ್‌ನಿಂದ ಜನವರಿವರೆಗೆ. ಸೆಕೆ ನೋಡಿ ತಿಂಗಳು ಆರಿಸಿ ಪ್ರಯೋಜನವಿಲ್ಲ, ಕೊಲಂಬೊದಲ್ಲಿ ವರ್ಷಪೂರ್ತಿ ಸರಾಸರಿ 27–28 ಡಿಗ್ರಿ ಆಸುಪಾಸೇ ಇರುತ್ತದೆ. ಮಳೆ ಯಾವ ಕಡೆ ಇದೆ ಅಂತ ನೋಡಬೇಕು.

ಬದುಳ್ಳದಲ್ಲಿ ರೈಲು ಇಳಿದು ಬಸ್ಸಿನಲ್ಲಿ ಪೂರ್ವ ಕರಾವಳಿಯ ಬಟ್ಟಿಕಲೋವಾ, ಅಲ್ಲಿಂದ ಪಾಸಿಕುಡಾ. ಸಮುದ್ರ ಕೆರೆಯ ಹಾಗೆ ಸುಮ್ಮನೆ ಮಲಗಿತ್ತು, ಎಷ್ಟು ದೂರ ನಡೆದರೂ ನೀರು ಸೊಂಟ ದಾಟಲಿಲ್ಲ. ಈಜು ಬಾರದ ಅಕ್ಕ ನೀರಿನಿಂದ ಮೇಲೆ ಬರಲೇ ಒಪ್ಪಲಿಲ್ಲ. ಆದರೆ ಮಧ್ಯಾಹ್ನದ ಬಿಸಿಲು ಜಾಸ್ತಿನೇ, ಮೇಲಿಂದ ಒಣ ಬಿಸಿಗಾಳಿ ಬೇರೆ. ಅದಕ್ಕೆ ಕಚ್ಚಾನ್ ಅನ್ನುತ್ತಾರೆ. ಮನೆಯೊಡತಿ ತಮಿಳಿನವರು, ಬೆಂಗಳೂರಿನಲ್ಲಿ ಕಲಿತ ತಮಿಳಿನಲ್ಲಿ ಅಕ್ಕ ಅವರ ಜೊತೆ ಗಂಟೆಗಟ್ಟಲೆ ಮಾತಾಡಿದಳು. ಡಿಸೆಂಬರ್‌ನಲ್ಲಿ ಬಂದಿದ್ದರೆ ಇದೇ ರಸ್ತೆಯಲ್ಲಿ ಮೊಣಕಾಲುದ್ದ ನೀರು ಇರುತ್ತಿತ್ತು ತಂಗಚ್ಚಿ ಅಂದರಂತೆ.

ಎರಡೂ ಕಡೆ ಒಂದೇ ಸಲ ನೋಡಬೇಕು ಅನ್ನುವವರಿಗೆ ನಾನು ಫೆಬ್ರವರಿ ಕೊನೆ, ಮಾರ್ಚ್ ಹೇಳುತ್ತೇನೆ. ಏಪ್ರಿಲ್ 13–14ಕ್ಕೆ ಸಿಂಹಳ, ತಮಿಳು ಹೊಸ ವರ್ಷ, ಬಸ್ಸುಗಳು ತುಂಬಿರುತ್ತವೆ, ಅಂಗಡಿಗಳು ಮುಚ್ಚಿರುತ್ತವೆ. ಅಕ್ಟೋಬರ್, ನವೆಂಬರ್ ಬೇಡ, ಮಧ್ಯಾಹ್ನವಾದರೆ ದ್ವೀಪದ ಯಾವ ಮೂಲೆಯಲ್ಲಾದರೂ ಗುಡುಗು ಮಳೆ ಬರಬಹುದು.

ವಾಪಸ್ಸು ಬರುವಾಗ ಮಿನ್ನೇರಿಯಾದಲ್ಲಿ ಇಳಿದೆವು. ಮಹಾಸೇನ ರಾಜ ಕಟ್ಟಿಸಿದ ದೊಡ್ಡ ಕೆರೆ. ಈ ಒಣ ತಿಂಗಳುಗಳಲ್ಲಿ ನೀರು ಇಳಿದು ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ಸುತ್ತಲ ಕಾಡುಗಳಿಂದ ಆನೆಗಳು ಬರುತ್ತವೆ. ಅಕ್ಕ ನಲವತ್ತರವರೆಗೆ ಎಣಿಸಿದಳು. ಅಷ್ಟರಲ್ಲಿ ಒಂದು ಮರಿ ತಾಯಿಯ ಹೊಟ್ಟೆ ಕೆಳಗಿಂದ ನುಸುಳಿ ಈಚೆ ಬಂತು, ಎಣಿಸುವುದು ಅಲ್ಲಿಗೇ ನಿಂತಿತು.