ಹಳೆ ಲ್ಯಾಪ್‌ಟಾಪಿನ ಡೆಬಿಯನ್ ಸರ್ವರ್: ಕೆಲಸ ಬ್ಯಾಕಪ್ ತನಕ ಬಂತು

ಮನೆಯಲ್ಲಿದ್ದ ಹಳೆ ಲ್ಯಾಪ್‌ಟಾಪಿಗೆ ಡೆಬಿಯನ್ 12 (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್) ಹಾಕಿ ಅದನ್ನೇ ಮನೆಯ ಸರ್ವರ್ ಮಾಡುವ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಅಮ್ಮ ಹಾಡಿದ ಸಂಪ್ರದಾಯದ ಹಾಡುಗಳ ರೆಕಾರ್ಡಿಂಗ್, ಫೋಟೊಗಳು, ತೋಟದ ಕಾಗದಪತ್ರಗಳ ಸ್ಕ್ಯಾನ್ ಎಲ್ಲ ಒಂದೇ ಕಡೆ ಇರಬೇಕು. ದಿನಾ ರಾತ್ರಿ ಅವುಗಳ ಪ್ರತಿ ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗಬೇಕು. ಜೊತೆಗೆ, ಒಳಗೆ ಏನು ನಡೆಯುತ್ತಿದೆ ಅಂತ ನನಗೆ ಗೊತ್ತಿರಬೇಕು. ಇದು ನನಗೆ ಬ್ಯಾಕಪ್ಪಿಗಿಂತ ಜಾಸ್ತಿ ಮುಖ್ಯ.

ಡೆಬಿಯನ್ನೇ ಯಾಕೆ ಅಂದರೆ, 1993ರಿಂದ ಅದನ್ನು ಕಟ್ಟಿಕೊಂಡು ಬಂದವರು ಸ್ವಯಂಸೇವಕರು. ಯಾವ ಕಂಪನಿಯೂ ಅದರ ಒಡೆಯನಲ್ಲ. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ವೈಫೈಗೆ ಬೇಕಾದ ಫರ್ಮ್‌ವೇರ್ (ಚಿಪ್ ನಡೆಸುವ ಸಣ್ಣ ತಂತ್ರಾಂಶ) ಕೂಡ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇದು ದೊಡ್ಡ ಉಪಕಾರ. ಇನ್‌ಸ್ಟಾಲ್ ಮಾಡುವವರಿಗೆ ಒಂದು ಮಾತು: ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಪಾಸ್‌ವರ್ಡ್ ಕೇಳುವ ಕಡೆ ಖಾಲಿ ಬಿಟ್ಟರೆ ನಿಮ್ಮ ಖಾತೆಗೇ ಸುಡೊ, ಅಂದರೆ ರೂಟ್ ಕೆಲಸ ಮಾಡುವ ಅಧಿಕಾರ ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ಸಿಗುವುದಿಲ್ಲ, ಆಮೇಲೆ ಕೈಯಾರೆ ಸೇರಿಸಬೇಕು.

ಲ್ಯಾಪ್‌ಟಾಪನ್ನು ಸರ್ವರ್ ಮಾಡುವುದರಲ್ಲಿ ಒಂದು ಅನುಕೂಲ ಇದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಬರುವುದು ಇದ್ದದ್ದೇ. ಬ್ಯಾಟರಿ ಇರುವುದರಿಂದ ಸಣ್ಣಪುಟ್ಟ ಹೊಡೆತಗಳನ್ನು ಅದು ತಡೆದುಕೊಳ್ಳುತ್ತದೆ. ಆದರೆ ಮುಚ್ಚಳ ಮುಚ್ಚಿದರೆ ಯಂತ್ರ ನಿದ್ದೆಗೆ ಹೋಗುತ್ತದೆ. ಸೆಟ್ಟಿಂಗ್ ಇರುವ ಇಟಿಸಿ ಫೋಲ್ಡರಿನೊಳಗೆ ಸಿಸ್ಟಮ್‌ಡಿ (ಯಂತ್ರದ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ತಂತ್ರಾಂಶ) ಫೋಲ್ಡರ್, ಅದರೊಳಗೆ ಲಾಗಿನ್‌ಡಿಯ ಫೈಲ್. ಅಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್’ ಎಂಬ ಸಾಲಿಗೆ ‘ಇಗ್ನೋರ್’ ಅಂತ ಬರೆದರೆ ಮುಚ್ಚಳ ಮುಚ್ಚಿಕೊಂಡೇ ಕೆಲಸ ಮಾಡುತ್ತದೆ.

ಹೊರಗಿನ ಡಿಸ್ಕ್ ಜೋಡಿಸುವುದು ಇಷ್ಟು ಸುಲಭ ಆಗಲಿಲ್ಲ. ಬೂಟ್ ಆಗುವಾಗ ಯಾವ ಡಿಸ್ಕ್ ಯಾವ ಫೋಲ್ಡರಿನಲ್ಲಿ ಕೂರಬೇಕು (ಮೌಂಟ್ ಆಗಬೇಕು) ಅಂತ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆಯಬೇಕು. ಸಾಲು ಬರೆಯುವ ಮೊದಲು ಅದರ ಮ್ಯಾನ್ ಪುಟವನ್ನು, ಅಂದರೆ ಸಿಸ್ಟಮ್ ಜೊತೆಗೇ ಬರುವ ಕೈಪಿಡಿಯನ್ನು, ಪೂರ್ತಿ ಓದಿದೆ. (ಮ್ಯಾನ್ ಪುಟಗಳಲ್ಲಿ 1ನೇ ವಿಭಾಗ ಕಮಾಂಡುಗಳದ್ದು, 5ನೆಯದು ಫೈಲುಗಳ ರಚನೆಯದ್ದು, 8ನೆಯದು ಅಡ್ಮಿನ್ ಕೆಲಸದ್ದು. ಇದು ಗೊತ್ತಾದ ಮೇಲೆ ಹುಡುಕಾಟ ಅರ್ಧ ಕಡಿಮೆಯಾಯಿತು.) ಅಲ್ಲಿ ‘ನೋಫೇಲ್’ ಎಂಬ ಸಣ್ಣ ಆಯ್ಕೆ ಸಿಕ್ಕಿತು. ಇದನ್ನು ಬರೆಯದಿದ್ದರೆ, ಡಿಸ್ಕ್ ಸಿಗದ ದಿನ ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ, ದೂರದಿಂದ ಲಾಗಿನ್ ಆಗಲು ಬರುವುದಿಲ್ಲ. ನಾನು ಊರಲ್ಲಿಲ್ಲದಾಗ ಯಾರಾದರೂ ಡಿಸ್ಕಿನ ವೈರ್ ಕಿತ್ತರೆ, ಆಮೇಲೆ ಕರೆಂಟ್ ಹೋಗಿ ಬಂದರೆ, ಅಷ್ಟಕ್ಕೇ ಸರ್ವರ್ ಮಲಗಿತು ಅಂತ ಲೆಕ್ಕ. ಹಾಗಾಗಿ ನೋಫೇಲ್ ಬೇಕೇ ಬೇಕು.

ಆಮೇಲೆ ತಂಗಿಗೊಂದು ಖಾತೆ. ಅವಳು ಬೆಂಗಳೂರಿನಿಂದ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಬರಬೇಕು, ಪಾಸ್‌ವರ್ಡ್ ಬದಲು ಕೀ (ಗುರುತು ಹೇಳುವ ಫೈಲ್) ಬಳಸಬೇಕು. ಅವಳ ಕೀಯನ್ನು ಸರಿಯಾದ ಫೈಲಿನಲ್ಲೇ ಹಾಕಿದ್ದೆ. ಆದರೂ ಪ್ರತಿಸಲ ಪಾಸ್‌ವರ್ಡ್ ಕೇಳುತ್ತಿತ್ತು. ಅವಳ ಕಡೆಯ ಪರದೆಯಲ್ಲಿ ಕಾರಣ ಏನೂ ಇಲ್ಲ. “ಅಣ್ಣಾ, ಕೀ ಬೇಡ, ಪಾಸ್‌ವರ್ಡೇ ಇರಲಿ ಬಿಡೋ” ಅಂದಳು. ನನಗೆ ಬಿಡಲು ಮನಸ್ಸಾಗಲಿಲ್ಲ.

ಹಳೆ ಪಾಠಗಳೆಲ್ಲ ನಡೆದದ್ದರ ದಾಖಲೆಗೆ ಸಿಸ್‌ಲಾಗ್ ಫೈಲ್ ನೋಡಿ, ಆತ್‌ಲಾಗ್ ಫೈಲ್ ನೋಡಿ ಅನ್ನುತ್ತವೆ. ಡೆಬಿಯನ್ 12ರಲ್ಲಿ ಆ ಫೈಲುಗಳು ತಾವಾಗಿ ಇರುವುದಿಲ್ಲ, ಎಲ್ಲ ಸಿಸ್ಟಮ್‌ಡಿಯ ಜರ್ನಲ್ ಎಂಬ ದಾಖಲೆಗೆ ಹೋಗುತ್ತದೆ. ಜರ್ನಲ್‌ಸಿಟಿಎಲ್ ಕಮಾಂಡಿಗೆ ಎಸ್‌ಎಸ್‌ಎಚ್ ಸೇವೆಯದ್ದು ಮಾತ್ರ ತೋರಿಸು ಅಂತ ಹೇಳಿದೆ. ತಂಗಿಗೆ ಫೋನಿನಲ್ಲಿ ಇನ್ನೊಮ್ಮೆ ಲಾಗಿನ್ ಆಗು ಅಂದೆ. ತಕ್ಷಣ ಒಂದು ಸಾಲು ಬಂತು: ಈ ಫೋಲ್ಡರಿನ ಒಡೆತನ ಅಥವಾ ಪರ್ಮಿಷನ್ ಸರಿಯಿಲ್ಲ, ಆದ್ದರಿಂದ ಒಪ್ಪಿಲ್ಲ. ಯಾವ ಫೋಲ್ಡರ್ ಅಂತ ಹೆಸರೂ ಇತ್ತು. ಅವಳ ಹೋಮ್ ಫೋಲ್ಡರನ್ನು ಹಳೆ ಕಂಪ್ಯೂಟರಿನಿಂದ ಪರ್ಮಿಷನ್ ಸಮೇತ ತಂದದ್ದು. ಗುಂಪಿನವರೂ ಅದರಲ್ಲಿ ಬರೆಯಬಹುದು ಅಂತಿತ್ತು. ಬೇರೆಯವರು ಬರೆಯಬಹುದಾದ ಹೋಮ್ ಫೋಲ್ಡರಿನೊಳಗಿನ ಕೀಯನ್ನು ಎಸ್‌ಎಸ್‌ಎಚ್ ನಂಬುವುದಿಲ್ಲ. ಸರಿ ತಾನೇ? ಯಾರೋ ತಮ್ಮ ಕೀಯನ್ನು ಅಲ್ಲಿ ಸೇರಿಸಿಬಿಡಬಹುದಲ್ವಾ. ಪರ್ಮಿಷನ್ ಸಂಖ್ಯೆ ಹೋಮಿಗೆ 755 (ಬರೆಯುವುದು ಒಡೆಯ ಮಾತ್ರ), ಕೀ ಇರುವ ಫೋಲ್ಡರಿಗೆ 700, ಫೈಲಿಗೆ 600 (ಬೇರೆಯವರು ಓದಲೂ ಬರುವುದಿಲ್ಲ) ಕೊಟ್ಟೆ. ಆ ಕಡೆಯಿಂದ “ಬಂದೆ” ಅಂದಳು.

ಈ ಸಿಸ್ಟಮ್ ನನಗೆ ಹಿಡಿಸಿದ್ದು ಇದಕ್ಕೇ. ಅದು ಏನನ್ನೂ ಮುಚ್ಚಿಡುವುದಿಲ್ಲ. ಸೆಟ್ಟಿಂಗ್ ಬಹುಪಾಲು ಸಾದಾ ಅಕ್ಷರದ ಫೈಲಿನಲ್ಲಿ ಇರುತ್ತದೆ, ನಡೆದದ್ದು ಜರ್ನಲ್‌ನಲ್ಲಿ ಇರುತ್ತದೆ. ಅಡ್ಮಿನ್ ಕೆಲಸ ಅಂದರೆ ಕಮಾಂಡ್ ಬಾಯಿಪಾಠ ಅಂದುಕೊಂಡವರು ಬಹಳ ಜನ. ನಾನು ಕಂಡಂತೆ ಅದರಲ್ಲಿ ಮುಕ್ಕಾಲು ಪಾಲು ಓದುವ ಕೆಲಸ. ಈಗ ಕರೆಂಟ್ ಹೋಗಿ ಬಂದ ಮೇಲೆ ಹಿಂದಿನ ಬೂಟಿನ ಕೊನೆಯ ಸಾಲುಗಳನ್ನು ತೆಗೆದು ನೋಡುವುದು ರೂಢಿಯಾಗಿದೆ. ಯಂತ್ರ ಕ್ರಮವಾಗಿ ಆಫ್ ಆಯಿತೋ, ಥಟ್ಟನೆ ನಿಂತಿತೋ ಅಂತ ಗೊತ್ತಾಗುತ್ತದೆ.

ಇನ್ನು ಬ್ಯಾಕಪ್. ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಬಂದಿತ್ತು. ಅದನ್ನು ಖಾಲಿ ಮಾಡಿ ಲಿನಕ್ಸಿನ ಎಕ್ಸ್ಟ್4 ಮಾಡಿದೆ, ಯಾಕಂದರೆ ಎಕ್ಸ್‌ಫ್ಯಾಟ್‌ನಲ್ಲಿ ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಇನ್ನೊಂದು ಹೆಸರು) ಇಲ್ಲ. ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್‌ಗೆ ‘ಲಿಂಕ್‌ಡೆಸ್ಟ್’ ಎಂಬ ಆಯ್ಕೆ ಇದೆ. ನಿನ್ನೆಯ ಫೋಲ್ಡರ್ ತೋರಿಸಿದರೆ, ಬದಲಾಗದ ಫೈಲನ್ನು ಮತ್ತೆ ಬರೆಯದೆ ಹಳೆಯದಕ್ಕೇ ಇನ್ನೊಂದು ಹೆಸರು ಕೊಡುತ್ತದೆ. ದಿನಕ್ಕೊಂದು ಫೋಲ್ಡರ್, ಯಾವುದನ್ನು ತೆಗೆದರೂ ಆ ದಿನದ್ದು ಪೂರ್ತಿ ಇದೆ. ಜಾಗ ಹೋಗುವುದು ಮಾತ್ರ ಹೊಸದಕ್ಕಷ್ಟೇ. ಎರಡು ದಿನಗಳ ಫೋಲ್ಡರಿನಲ್ಲಿ ಒಂದೇ ಹಾಡಿನ ಐನೋಡ್ ಸಂಖ್ಯೆ (ಡಿಸ್ಕಿನಲ್ಲಿ ಫೈಲಿನ ಗುರುತು) ನೋಡಿದೆ. ಎರಡೂ ಕಡೆ ಅದೇ ಸಂಖ್ಯೆ. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡಾಗ ಆಗುವ ಖುಷಿಯೇ ಬೇರೆ. ಆದರೆ ಇವು ಹತ್ತಾರು ಪ್ರತಿಗಳಲ್ಲ ಅನ್ನುವುದು ನೆನಪಿರಬೇಕು. ಡಿಸ್ಕಿನಲ್ಲಿ ಆ ಫೈಲಿರುವ ಜಾಗ ಕೆಟ್ಟರೆ ಎಲ್ಲ ದಿನದ್ದೂ ಕೆಟ್ಟಂತೆ. ಎರಡನೇ ಡಿಸ್ಕ್ ಬೇಕಾಗುತ್ತದೆ.

ದಿನಾ ರಾತ್ರಿ ಎರಡು ಗಂಟೆಗೆ ಓಡಿಸಲು ಕ್ರಾನ್ (ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ತಂತ್ರಾಂಶ) ಸಾಕಿತ್ತು. ಆದರೆ ಆ ಹೊತ್ತಿಗೆ ಯಂತ್ರ ಆಫ್ ಆಗಿದ್ದರೆ ಕ್ರಾನ್ ಆ ದಿನದ ಕೆಲಸವನ್ನು ಸುಮ್ನೆ ಬಿಟ್ಟುಬಿಡುತ್ತದೆ. ನಮ್ಮ ಕಡೆಯ ಕರೆಂಟಿಗೆ ಇದು ಒಗ್ಗುವುದಿಲ್ಲ. ಸಿಸ್ಟಮ್‌ಡಿ ಟೈಮರಿನಲ್ಲಿ ‘ಪರ್ಸಿಸ್ಟೆಂಟ್’ ಅಂತ ಬರೆದರೆ, ತಪ್ಪಿದ ಸರದಿಯನ್ನು ಯಂತ್ರ ಎದ್ದ ಮೇಲೆ ಮಾಡಿ ಮುಗಿಸುತ್ತದೆ.

ಇನ್ನೊಂದು ಅಪಾಯ ನೋಫೇಲ್‌ನಿಂದಲೇ ಬರುತ್ತದೆ. ಡಿಸ್ಕ್ ಇಲ್ಲದೆಯೂ ಯಂತ್ರ ಏಳುತ್ತದೆ ಅಂದರೆ, ಡಿಸ್ಕ್ ಕೂರಬೇಕಾದ ಖಾಲಿ ಫೋಲ್ಡರಿಗೇ ಆರ್‌ಸಿಂಕ್ ಎಲ್ಲವನ್ನೂ ಸುರಿಯಬಹುದು. ಲ್ಯಾಪ್‌ಟಾಪಿನ ಸ್ವಂತ ಜಾಗ ತುಂಬಿಹೋಗುತ್ತದೆ. ಅದಕ್ಕೆ ಸೇವೆಯ ಫೈಲಿನಲ್ಲಿ ‘ಅಸರ್ಟ್‌ಪಾತ್‌ಈಸ್‌ಮೌಂಟ್‌ಪಾಯಿಂಟ್’ ಸಾಲು ಸೇರಿಸಿದೆ. ಡಿಸ್ಕ್ ನಿಜವಾಗಿ ಕೂತಿರದಿದ್ದರೆ ಕೆಲಸ ಶುರುವಾಗುವುದಿಲ್ಲ, ಜರ್ನಲ್‌ನಲ್ಲಿ ದೂರು ಬರುತ್ತದೆ. ಡಿಸ್ಕ್ ಕಿತ್ತು ನೋಡಿದೆ. ಹೇಳಿದ ಹಾಗೇ ನಡೆಯಿತು.

ಕನ್ನಡದ ಹೆಸರುಗಳ ವಿಷಯ. ಹಾಡಿನ ಮೊದಲ ಸಾಲನ್ನೇ ಫೈಲಿನ ಹೆಸರಾಗಿ ಇಡುತ್ತಿದ್ದೇನೆ, ಅಮ್ಮ ಹುಡುಕುವುದು ಹಾಗೇ. ಕೆಲವು ಹೆಸರುಗಳನ್ನು ‘ತುಂಬಾ ಉದ್ದ’ ಅಂತ ಸಿಸ್ಟಮ್ ತಿರುಗಿಸಿತು. ಎಕ್ಸ್ಟ್4ನಲ್ಲಿ ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿ) ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಲಕ್ಷ್ಮೀ’ ನೋಡಲು ಎರಡೇ ಅಕ್ಷರ, ಆದರೆ ಒಳಗೆ 7 ಸಂಕೇತ, 21 ಬೈಟ್. ಲಕ್ಷ್ಮೀ ಹಾಡುಗಳೇ ನಮ್ಮಲ್ಲಿ ಜಾಸ್ತಿ! ಈಗ ಹೆಸರು ಚಿಕ್ಕದು, ಪೂರ್ತಿ ಸಾಲು ಪಕ್ಕದ ಪಠ್ಯ ಫೈಲಿನಲ್ಲಿ. ಲ್ಯಾಪ್‌ಟಾಪಿನದೇ ಕಪ್ಪು ಕನ್ಸೋಲಿನಲ್ಲಿ ಕನ್ನಡ ಕಾಣುವುದಿಲ್ಲ. ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್‌ನಲ್ಲಿ ನೋಡಿದರೆ ಕಾಣುತ್ತದೆ, ಒತ್ತಕ್ಷರ ಕೆಲವು ಕಡೆ ಚೆದುರುತ್ತವೆ. ಫೈಲಿಗೆ ಏನೂ ಆಗಿರುವುದಿಲ್ಲ, ಅದು ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ಅಕ್ಷರ ಬಿಡಿಸುವ ರೀತಿ ಅಷ್ಟೇ.

ಮುಂದಿನದು ಡೆಬಿಯನ್ 13ಕ್ಕೆ ಹೋಗುವುದು. 2025ರ ಆಗಸ್ಟ್‌ನಲ್ಲಿ ಬಂದಿದೆ. ಬಿಡುಗಡೆಯ ಟಿಪ್ಪಣಿ ಓದುತ್ತಿದ್ದೇನೆ. ಅದರಲ್ಲಿ ತಾತ್ಕಾಲಿಕ ಫೈಲುಗಳ ‘ಟೆಂಪ್’ ಫೋಲ್ಡರ್ ಇನ್ನು ರ್‍ಯಾಮ್‌ನಲ್ಲಿ ಇರುತ್ತದೆ, ಅರ್ಧದಷ್ಟು ರ್‍ಯಾಮ್ ತನಕ ತೆಗೆದುಕೊಳ್ಳಬಹುದು ಅಂತಿದೆ. ನನ್ನ ಯಂತ್ರಕ್ಕಿರುವುದು 4 ಜಿಬಿ. ದೊಡ್ಡ ರೆಕಾರ್ಡಿಂಗ್‌ಗಳನ್ನು ಅಲ್ಲೇ ಇಟ್ಟು ಕತ್ತರಿಸುವ ನನ್ನ ಸ್ಕ್ರಿಪ್ಟನ್ನು ಮೊದಲು ಬೇರೆ ಫೋಲ್ಡರಿಗೆ ತಿರುಗಿಸಬೇಕು. ಅದಕ್ಕೂ ಮೊದಲು, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಬ್ಯಾಕಪ್‌ನಿಂದ ಒಂದಿಷ್ಟು ಹಾಡು ವಾಪಸ್ ತೆಗೆದು, ಅಮ್ಮನಿಗೆ ಕೇಳಿಸಿ ನೋಡಬೇಕು. ಅದು ಸರಿಯಾದ ಮೇಲೇ ಅಪ್‌ಗ್ರೇಡ್.