ಮಾವನ ವಾಕಿಂಗ್, ಅತ್ತೆಯ ತಕರಾರು

ಕೋಲಾರ, 15 ಜೂನ್ 2025, ಭಾನುವಾರ

ಸೋದರಮಾವನ ಮನೆಯಲ್ಲಿ ಇವತ್ತು ಜಗಳ. ಮಾವ ಕೋಲಾರಮ್ಮನ ಕೆರೆ ಕಡೆ ವಾಕಿಂಗ್ ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಕರುಳು ಕೊಯ್ಸಿಕೊಂಡು, ಕೀಮೋ ಮುಗಿಸಿಕೊಂಡು ಬಂದಿರೋ ಮನುಷ್ಯ. ಸುಮ್ನೆ ಮನೇಲಿ ಇರೋಕೇನು ಕಷ್ಟ?" ನಮ್ಮ ಕಡೆ ಕಾಯಿಲೆಯವರ ಮೇಲೆ ಪ್ರೀತಿ ಅಂದರೆ ಕೂರಿಸಿ ಉಣ್ಣಿಸೋದು. ನೆಂಟರೆಲ್ಲ ಅತ್ತೆಯ ಪಕ್ಷ.

ನಾನು ಮಾವನ ಪಕ್ಷ. ಈ ತಿಂಗಳ ಮೊದಲಲ್ಲಿ 'ಚಾಲೆಂಜ್' ಎಂಬ ಅಧ್ಯಯನದ ಫಲಿತಾಂಶ ಬಂದಿದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎರಡೂ ಮುಗಿಸಿದ 889 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಆರೋಗ್ಯದ ಪುಸ್ತಕ ಕೊಟ್ಟರು. ಇನ್ನೊಂದಕ್ಕೆ ಮೂರು ವರ್ಷ ತರಬೇತುದಾರರ ಜೊತೆ ವ್ಯಾಯಾಮ. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ಮರಳದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 80, ಪುಸ್ತಕದ ಗುಂಪಿನಲ್ಲಿ 74. ಆರೇ ತಾನೇ ಅನ್ನಬಹುದು. ಇಷ್ಟೇ ಲಾಭ ಕೊಡುವ ಮಾತ್ರೆ ಬಂದಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತೋ!

ಅದಕ್ಕೆ ಅಂತರಗಂಗೆ ಬೆಟ್ಟ ಹತ್ತಬೇಕಿಲ್ಲ. ವಾರಕ್ಕೆ ಮೂರ್ನಾಲ್ಕು ಸಲ, ಮುಕ್ಕಾಲು ಗಂಟೆಯಷ್ಟು ಬಿರುಸಾಗಿ ನಡೆದರೆ ಅವರ ಗುರಿ ಮುಟ್ಟಬಹುದಿತ್ತು. ವ್ಯಾಯಾಮ ಮಾಡಿದವರಿಗೆ ಕೀಲು, ಸ್ನಾಯುಗಳ ನೋವು ಕೊಂಚ ಜಾಸ್ತಿ ಬಂತು. ಅದನ್ನೂ ಅತ್ತೆಗೆ ಹೇಳಿದೆ, ಮುಚ್ಚಿಡೋದು ಯಾಕೆ? ಇನ್ನೊಂದು ಮಾತು. ಇದು ಕೀಮೋ ಆದ ಮೇಲಿನ ಕೆಲಸ, ಕೀಮೋ ಬದಲಿಗೆ ಅಲ್ಲ. ವಾಟ್ಸಾಪ್ ವೈದ್ಯರು ಈ ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಫಾರ್ವರ್ಡ್ ಮಾಡುತ್ತಾರೆ.

ಅತ್ತೆ ಸ್ವಲ್ಪ ತಣ್ಣಗಾದರು. ನನ್ನ ಚಿಂತೆ ಇರುವುದು ಅವರ ಮಗನದ್ದು. ಮಾವ ಎಷ್ಟೋ ತಿಂಗಳು ರಕ್ತ ಬೀಳುವುದನ್ನು ಮೂಲವ್ಯಾಧಿ ಅಂದುಕೊಂಡು, ಯಾವುದೋ ಗೋಡೆಯ ಜಾಹೀರಾತು ನೋಡಿ ಪುಡಿ ನುಂಗಿದ್ದರು. ಗೊತ್ತಾಗುವಾಗ ಅವರಿಗೆ 59. ಅಪ್ಪನಿಗೆ 60ರೊಳಗೆ ಬಂದಿದ್ದರೆ ಮಕ್ಕಳು 40ಕ್ಕೆ, ಇಲ್ಲವೇ ಅಪ್ಪನಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ, ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಬೇಕು ಅನ್ನುತ್ತವೆ ಅಮೆರಿಕದ ಮಾರ್ಗಸೂಚಿಗಳು. ಇವನಿಗೆ ಮುಂದಿನ ವರ್ಷವೇ 40.

ಈ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಚಿಕ್ಕ ಗಂಟಿನಿಂದ ಶುರುವಾಗುತ್ತದೆ. ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಆಚೀಚೆ ಬೇಕು. ಅಷ್ಟರೊಳಗೆ ಕಣ್ಣಿಗೆ ಬಿದ್ದರೆ ಕೊಲೊನೋಸ್ಕೋಪಿ ಮಾಡುವಾಗಲೇ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಸರ್ಕಾರದ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಇವೆ, ಕರುಳಿಲ್ಲ. ಯಾರೂ ಮನೆಗೆ ಬಂದು ಕರೆಯೋದಿಲ್ಲ, ನಾವೇ ಹೋಗಬೇಕು.

"ನಾವು ಮುದ್ದೆ ತಿನ್ನೋರು ಭಾವ, ನಮಗೆಲ್ಲಿ ಬರುತ್ತೆ" ಅಂದ.

"ನಿಮ್ಮಪ್ಪ ಇಷ್ಟು ವರ್ಷ ತಿಂದಿದ್ದೇನು, ಪಿಜ್ಜಾನಾ?"

ಮಾವ ಜೋರಾಗಿ ನಕ್ಕರು. ಅತ್ತೆ ಶ್ರೀನಿವಾಸಪುರದ ಮಾವಿನಹಣ್ಣು ಹೆಚ್ಚಿ ತಂದರು. ಬುಧವಾರ ಡಾಕ್ಟರ ಹತ್ತಿರ ಅಪ್ಪ ಮಗ ಇಬ್ಬರೂ ಹೋಗುತ್ತಾರಂತೆ. ಪರೀಕ್ಷೆಗೆ ಮುಂಚೆ ಕರುಳು ಖಾಲಿ ಮಾಡುವ ಔಷಧಿ ಕುಡಿಯಬೇಕು, ಅಷ್ಟು ಹೊತ್ತೂ ಬಾತ್‌ರೂಮಿನ ಹತ್ತಿರವೇ ಇರಬೇಕು ಅಂತ ಮಾತ್ರ ಅವನಿಗೆ ನಾನಿನ್ನೂ ಹೇಳಿಲ್ಲ.