ಚೌಕಿಯ ನಡುವೆ 360 ಡಿಗ್ರಿ ಕ್ಯಾಮೆರಾ

ಯಕ್ಷಗಾನ ಬಯಲಾಟವನ್ನು, ಹೆಡ್‌ಸೆಟ್ ಹಾಕಿ ಸುತ್ತಲೂ ನೋಡುವಂಥ ವಿಆರ್‌ಗೆ ಚಿತ್ರೀಕರಿಸುವುದೆಂದರೆ ಕ್ಯಾಮೆರಾ ರಂಗಸ್ಥಳದ ಎದುರಿಗೇ ಇರಬೇಕು ಎಂದುಕೊಳ್ಳುವವರು ಹೆಚ್ಚು. ಆ ರಾತ್ರಿ ಅದನ್ನು ಇಟ್ಟಿದ್ದು ಚೌಕಿಯಲ್ಲಿ, ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ. ಕಾರಣ ಲೆಕ್ಕದ್ದೇ. 5.7ಕೆ ಕ್ಯಾಮೆರಾ ಸುತ್ತಳತೆಗೆ ಕೊಡುವುದು 5,760 ಪಿಕ್ಸೆಲ್, ಅಂದರೆ ಡಿಗ್ರಿಗೆ 16. ಆರು ಮೀಟರ್ ದೂರದ ಮುಖಕ್ಕೆ ಎತ್ತರದಲ್ಲಿ ಸಿಗುವುದು ಸುಮಾರು 40 ಪಿಕ್ಸೆಲ್; ಬಣ್ಣ ಬಳಿದುಕೊಂಡದ್ದೇ ದಂಡ. ಒಂದೂವರೆ ಮೀಟರಿಗೆ ಬಂದರೆ 150 ದಾಟುತ್ತದೆ. ಚೌಕಿಯಲ್ಲಿ ಎರಡೂ ಬದಿಗೆ ಸಾಲಾಗಿ ಕೂತವರು ಅಷ್ಟೇ ಹತ್ತಿರ ಸಿಗುತ್ತಾರೆ, ಯಾವ ಕಡೆ ತಿರುಗಿದರೂ ನೋಡಲು ಏನೋ ಒಂದು ಇರುತ್ತದೆ.

ಕ್ಯಾಮೆರಾದ ಎತ್ತರ 75 ಸೆಂಟಿಮೀಟರ್ ಸಾಕು, ಚಕ್ಕಳಮಕ್ಕಳ ಹಾಕಿ ಕೂತವರ ಕಣ್ಣಿನ ಮಟ್ಟ ಅದು. ನಿಂತವರ ಎತ್ತರಕ್ಕೆ ಏರಿಸಿದರೆ ಹೆಡ್‌ಸೆಟ್ ಹಾಕಿದವರಿಗೆ ಬರೀ ನೆತ್ತಿಗಳು. ಮೂರು ಕಾಲಿನ ಸ್ಟ್ಯಾಂಡ್ ಚಿತ್ರದಲ್ಲಿ ಬೀಳುತ್ತದೆ, ಓಡಾಡುವವರ ಕಾಲಿಗೂ ತೊಡರುತ್ತದೆ; ಸಣ್ಣದಾದರೂ ಭಾರವಾದ ತಳವಿರುವ ಒಂಟಿ ಕಾಲಿನ ಮೊನೊಪಾಡ್ ವಾಸಿ. ಎರಡು ಲೆನ್ಸುಗಳ ಚಿತ್ರ ಸೇರುವ ಹೊಲಿಗೆ ಯಾರ ಮುಖದ ಮೇಲೂ ಬರಬಾರದು, ಅದನ್ನು ಓಡಾಟದ ದಾರಿಯ ಕಡೆ ತಿರುಗಿಸಬೇಕು. ಆದರೂ ಹೊಲಿಗೆಯಲ್ಲಿ ಒಂದು ಮೀಟರಿಗಿಂತ ಹತ್ತಿರ ಹಾದುಹೋದ ಕಿರೀಟ ಸೀಳಿಯೇ ಹೋಯಿತು. ಎರಡು ಲೆನ್ಸುಗಳು ಒಂದೇ ಬಿಂದುವಿನಿಂದ ನೋಡುವುದಿಲ್ಲವಲ್ಲ, ಯಾವ ಸಾಫ್ಟ್‌ವೇರ್ ಕೂಡ ಅದನ್ನು ಪೂರ್ತಿ ಸರಿಮಾಡುವುದಿಲ್ಲ.

ಬೆಳಕಿನದು ದೊಡ್ಡ ತಲೆನೋವು. ಲೈಟ್ ಸ್ಟ್ಯಾಂಡ್ ಇಟ್ಟರೆ ಅದೂ ಚಿತ್ರದೊಳಗೇ. ಚೌಕಿಯ ಬಲ್ಬುಗಳನ್ನೇ ನಂಬಬೇಕು: ಒಂದು ದೊಡ್ಡದನ್ನು ತೆಗೆದು ಮೂರು ನಾಲ್ಕು ಚಿಕ್ಕವನ್ನು ಹಂಚಿ ಕಟ್ಟುವುದು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಶಟರ್ 1/50 ಅಥವಾ 1/100. ಬೇರೆ ಇಟ್ಟರೆ ಪಟ್ಟೆಗಳು ಓಡುತ್ತವೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕೆನ್ನೆಯ ಮೇಲೆ ಒಂದೊಂದಾಗಿ ಇಡುತ್ತಾ ಹೋಗುತ್ತಾರಲ್ಲ, ಎಕ್ಸ್‌ಪೋಶರ್ ಹೊಂದಿಸಬೇಕಾದ್ದು ಆ ಬಿಳುಪಿಗೆ. ಕತ್ತಲನ್ನು ಆಮೇಲೆ ಸ್ವಲ್ಪ ಎತ್ತಬಹುದು, ಸುಟ್ಟ ಬಿಳಿ ಮರಳಿ ಬರುವುದಿಲ್ಲ. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾ ಕರಾವಳಿಯ ಸೆಕೆಗೆ ತಕ್ಷಣ ಮಂಜಾಗುತ್ತದೆ, ಅರ್ಧ ಗಂಟೆ ಹೊರಗಿಟ್ಟಿರಬೇಕು.

ಸುತ್ತಲಿನ ದನಿಯನ್ನು ದಿಕ್ಕಿನ ಸಮೇತ ಹಿಡಿಯುವ, ನಾಲ್ಕು ಕ್ಯಾಪ್ಸೂಲಿನ ಆಂಬಿಸಾನಿಕ್ ಮೈಕನ್ನು ಕ್ಯಾಮೆರಾದ ಕೆಳಗೇ ಕಟ್ಟಿ, ಅದರ ಮುಂದಿನ ಗುರುತನ್ನು ಮುಂದಿನ ಲೆನ್ಸಿಗೆ ಹೊಂದಿಸಬೇಕು. ಇದು ತಪ್ಪಿದರೆ ಎಡಗಡೆ ಮಾತಾಡಿದವರ ದನಿ ಬಲಗಿವಿಗೆ. ಚೌಕಿ ರಂಗಸ್ಥಳದ ಹಿಂದೆಯೇ ಇದ್ದುದರಿಂದ ಚೆಂಡೆ ಒಂದೇ ದಿಕ್ಕಿನಿಂದ ಬರುತ್ತಿತ್ತು. ನೋಡುವವರ ತಲೆಯನ್ನು ತಿರುಗಿಸಲು ಅದಕ್ಕಿಂತ ಒಳ್ಳೆಯ ನಿರ್ದೇಶಕ ಬೇಡ. ಚೆಂಡೆಯ ಪೆಟ್ಟು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಮೀರದಂತೆ ಮಟ್ಟ ಇಳಿಸಿಟ್ಟರೆ ಸಾಕು.

ಕ್ಯಾಮೆರಾವನ್ನು ಅಲುಗಿಸಲೇಬಾರದು, ಕಣ್ಣು ಚಲಿಸಿ ಕಿವಿಯೊಳಗಿನ ಸಮತೋಲನ ಚಲಿಸದಿದ್ದರೆ ನೋಡುವವರಿಗೆ ವಾಕರಿಕೆ. ಒಂದೊಂದು ಶಾಟ್ ಅರ್ಧ ನಿಮಿಷವಾದರೂ ಇರಲಿ, ಸುತ್ತ ನೋಡಲು ಅಷ್ಟು ಬೇಕು.

ಒಪ್ಪಿಗೆಯನ್ನು ಮೇಳದ ಯಜಮಾನರೊಬ್ಬರಿಂದ ಪಡೆದರೆ ಮುಗಿಯಲಿಲ್ಲ. ಇಲ್ಲಿ ಫ್ರೇಮಿನ ಹೊರಗೆ ಎಂಬುದೇ ಇಲ್ಲ. ಮೂಲೆಯಲ್ಲಿ ನಿದ್ದೆಹೋದವರೂ, ಚಾ ತಂದ ಹುಡುಗನೂ ಚಿತ್ರದಲ್ಲಿರುತ್ತಾರೆ. ಪ್ರತಿಯೊಬ್ಬರನ್ನೂ ಕೇಳಬೇಕು, ಬಟ್ಟೆ ಬದಲಿಸುವ ಹೊತ್ತಿಗೆ ರೆಕಾರ್ಡಿಂಗ್ ನಿಲ್ಲಿಸಬೇಕು, ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಾಗುವಂತೆ ಲೆನ್ಸಿಗೆ ಮುಸುಕು ಹಾಕಬೇಕು.